ವಿಶ್ವಕೋಶ ಕೇಳುವ ಸನದ್

ನಮ್ಮೂರಿನ ಹಿರಿಯ ವಿದ್ವಾಂಸರೊಬ್ಬರು ಇಹಲೋಕ ತ್ಯಜಿಸಿ ಎರಡು ತಿಂಗಳಾಗಿತ್ತು. ಅರ್ಧ ಶತಮಾನಕ್ಕೂ ಮಿಕ್ಕಿ ಒಂದೇ ಮದ್ರಸದಲ್ಲಿ ಪಾಠ ಹೇಳಿದವರು. ನನಗೂ ಅಲಿಫ್-ಬಾ ಕಲಿಸಿದವರು. ಅವರ ಬಗ್ಗೆ ಕನ್ನಡ ವಿಕಿಪೀಡಿಯದಲ್ಲಿ ಒಂದು ಪುಟವಿರಬೇಕೆಂದು ಶಿಷ್ಯರೆಲ್ಲ ಆಶಿಸಿದರು. ಬರವಣಿಗೆ ನನ್ನ ಕಸುಬಾದುದರಿಂದ ಹೊಣೆ ನನ್ನ ಹೆಗಲೇರಿತು. ಒಂದೇ ರಾತ್ರಿ ಕುಳಿತು ಆರುನೂರು ಪದಗಳ ಲೇಖನ ಸಿದ್ಧಪಡಿಸಿದೆ. 'ಜ್ಞಾನಸಾಗರ', 'ಸರಳತೆಯ ಸಾಕಾರಮೂರ್ತಿ', 'ನಾಡು ಕಂಡ ಅಪ್ರತಿಮ ವಿದ್ವಾಂಸ' ಮುಂತಾದ ವಿಶೇಷಣಗಳಿಗೆ ಅದರಲ್ಲಿ ಕೊರತೆಯಿರಲಿಲ್ಲ. ಹೆಸರಿನ ಮೊದಲು ಹಝ್ರತ್, ಮೌಲಾನಾ. ಹೆಸರಿನ ನಂತರ ರಹ್ಮತುಲ್ಲಾಹಿ ಅಲೈಹಿ. ಮರುದಿನ ಝುಹರ್ ನಮಾಝ್ ಮುಗಿಸಿ ಬಂದು ನೋಡಿದರೆ ಆರುನೂರು ಪದಗಳ ಜಾಗದಲ್ಲಿ ನಾಲ್ಕು ಸಾಲುಗಳು ಉಳಿದಿದ್ದವು. ಆ ನಾಲ್ಕರಲ್ಲೂ ಮೂರು ಸಾಲುಗಳ ಕೊನೆಯಲ್ಲಿ ಉಲ್ಲೇಖ ಎಲ್ಲಿ ಎಂದು ಕೇಳುವ ಸೂಚನೆ ತೂಗುತ್ತಿತ್ತು.

ನನ್ನ ಮನಸ್ಸಿಗೆ ಮೊದಲು ಹೊಳೆದ ಉತ್ತರವೇನೆಂದು ಓದುಗರು ಊಹಿಸಬಲ್ಲರು. ಮುಸ್ಲಿಮ್ ಹೆಸರು ಕಂಡರಾಗದ ಯಾರೋ ಇದನ್ನು ಮಾಡಿದ್ದಾರೆ! ಈ ತೀರ್ಮಾನಕ್ಕೆ ಬರಲು ನನಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ. ಅದನ್ನು ನಾಲ್ಕು ಜನರಿಗೆ ಫೋನ್ ಮಾಡಿ ಹೇಳಿಯೂ ಆಯಿತು. ಅವರು ಅದನ್ನು ಇನ್ನಷ್ಟು ಜನರಿಗೆ ತಲುಪಿಸಿಯೂ ಆಯಿತು.

ವಿಕಿಪೀಡಿಯದ ಪ್ರತಿಯೊಂದು ಪುಟಕ್ಕೂ ಒಂದು ಇತಿಹಾಸವಿರುತ್ತದೆ. ಯಾರು, ಯಾವ ದಿನ, ಎಷ್ಟು ಗಂಟೆಗೆ, ಯಾವ ಪದ ಸೇರಿಸಿದರು, ಯಾವುದನ್ನು ತೆಗೆದರು ಎಂಬುದೆಲ್ಲ ಅಲ್ಲಿ ಉಳಿದಿರುತ್ತದೆ. ಒಬ್ಬ ಸಂಪಾದಕ ಬೇರೆಲ್ಲೆಲ್ಲಿ ಏನೇನು ಮಾಡಿದ್ದಾನೆ ಎಂಬ ಪಟ್ಟಿಯನ್ನೂ ಯಾರು ಬೇಕಾದರೂ ತೆರೆದು ನೋಡಬಹುದು. ನಾನು ನೋಡಿದೆ, ನಾಲ್ಕು ಜನರಿಗೆ ಫೋನ್ ಮಾಡಿದ ನಂತರ! ಅದೇ ವ್ಯಕ್ತಿ ಅದೇ ವಾರ ಒಬ್ಬ ಮಠಾಧೀಶರ ಪುಟದಿಂದ 'ಪರಮಪೂಜ್ಯ'ವನ್ನೂ, ಒಬ್ಬ ಶಾಸಕರ ಪುಟದಿಂದ 'ಬಡವರ ಬಂಧು'ವನ್ನೂ, ಒಬ್ಬ ಚಿತ್ರನಟನ ಪುಟದಿಂದ ಮೂರು ಪ್ಯಾರಾಗಳನ್ನೂ ತೆಗೆದುಹಾಕಿದ್ದರು. ನನ್ನ ಉಸ್ತಾದರಿಗೆ ಆದುದೇ ಅವರೆಲ್ಲರಿಗೂ ಆಗಿತ್ತು. ವಿಕಿಪೀಡಿಯದ ಸಂಪಾದಕರು ಪರಸ್ಪರರ ಬಗ್ಗೆ ಸದ್ಭಾವನೆಯಿಂದಲೇ ಆರಂಭಿಸಬೇಕೆಂಬುದು ಅಲ್ಲಿನ ನಿಯಮಗಳಲ್ಲೊಂದು. ಮದ್ರಸದಲ್ಲಿ ನಾವು ಅದನ್ನು ಹುಸ್ನುಝ್ಝನ್ ಎಂದು ಓದಿದ್ದೆವು. ಓದಿದ್ದೆವು, ಅಷ್ಟೇ.

2001ರ ಜನವರಿ 15ರಂದು ಇಂಗ್ಲಿಷಿನಲ್ಲಿ ಆರಂಭವಾದ ಈ ವಿಶ್ವಕೋಶದ ಕನ್ನಡ ಆವೃತ್ತಿ 2003ರಲ್ಲಿ ಹುಟ್ಟಿಕೊಂಡಿತು. ಇಂಗ್ಲಿಷಿನ ಲೇಖನಗಳ ಸಂಖ್ಯೆ 2025ರಲ್ಲಿ 70 ಲಕ್ಷ ದಾಟಿದರೆ ಕನ್ನಡದಲ್ಲಿರುವುದು ಮೂವತ್ತು ಸಾವಿರ ಚಿಲ್ಲರೆ. ನೆರೆಯ ತುಳು ಭಾಷೆಗೂ 2016ರಿಂದ ಸ್ವಂತ ಆವೃತ್ತಿಯಿದೆ. ಇಲ್ಲಿ ಬರೆಯುವವರಿಗೆ ಸಂಬಳವಿಲ್ಲ, ಲೇಖನದ ಕೆಳಗೆ ಹೆಸರೂ ಬೀಳುವುದಿಲ್ಲ. ಬರೆಯುವ ತಾಂತ್ರಿಕ ವಿಧಾನ ಕಲಿಯಲು ಒಂದು ವಾರ ಸಾಕು. ಪ್ರತಿಯೊಬ್ಬ ಸದಸ್ಯನಿಗೂ ತಪ್ಪು ಮಾಡಿ ಕಲಿಯಲೆಂದೇ ಒಂದು 'ಪ್ರಯೋಗಪುಟ'ವಿರುತ್ತದೆ. ಪದದ ಎರಡೂ ಬದಿಗೆ ಮೂರು ಮೂರು ಚಿಕ್ಕ ಉದ್ಧರಣ ಚಿಹ್ನೆ ಹಾಕಿದರೆ ಅಕ್ಷರ ದಪ್ಪವಾಗುತ್ತದೆ. ಎರಡೆರಡು ಚೌಕ ಆವರಣದೊಳಗಿಟ್ಟರೆ ಅದು ಇನ್ನೊಂದು ಪುಟಕ್ಕೆ ಕೊಂಡಿಯಾಗುತ್ತದೆ. ಸಂದೇಹ ಬಂದರೆ ಕೇಳಲು 'ಅರಳಿಕಟ್ಟೆ' ಎಂಬ ಸೊಗಸಾದ ಹೆಸರಿನ ಜಗಲಿಯೂ ಇದೆ. ಇವೆಲ್ಲ ಸುಲಭ. ಕಷ್ಟವಿರುವುದು ಕೈಯನ್ನು ಪಳಗಿಸುವುದರಲ್ಲಲ್ಲ, ನಾಲಿಗೆಯನ್ನು ಪಳಗಿಸುವುದರಲ್ಲಿ.

ಇಂಗ್ಲಿಷ್ ವಿಕಿಪೀಡಿಯದ ಶೈಲಿ ಕೈಪಿಡಿಯು ಹೊಗಳಿಕೆಯ ಪದಗಳಿಗೆ ನವಿಲಿನ ಹೆಸರಿಟ್ಟಿದೆ. ಗರಿಬಿಚ್ಚಿ ಕುಣಿಯುವುದರ ಹೊರತು ಅವು ಏನನ್ನೂ ತಿಳಿಸುವುದಿಲ್ಲ ಎಂಬ ಅರ್ಥದಲ್ಲಿ. 'ಅಪ್ರತಿಮ ವಿದ್ವಾಂಸ' ಎಂದರೆ ಓದುಗನಿಗೆ ಏನು ತಿಳಿಯಿತು? ಎಷ್ಟು ವರ್ಷ ಕಲಿಸಿದರು, ಯಾವ ಗ್ರಂಥ ಬರೆದರು, ಅದನ್ನು ಯಾರು ಪ್ರಕಟಿಸಿದರು ಎಂದು ಹೇಳಿದರೆ ಅವನೇ ಅಳೆದುಕೊಳ್ಳುತ್ತಾನೆ. 'ಎಂದು ಹೇಳಲಾಗುತ್ತದೆ', 'ಹಲವರ ಅಭಿಪ್ರಾಯದಂತೆ', 'ಬಲ್ಲ ಮೂಲಗಳ ಪ್ರಕಾರ' ಎಂಬ ನುಣುಚು ಮಾತುಗಳಿಗೂ ಅಲ್ಲಿ ಸಂದೇಹದ ಸ್ವಾಗತವೇ. ಯಾರು ಹೇಳಿದರು, ಎಲ್ಲಿ ಹೇಳಿದರು ಎಂಬ ಪ್ರಶ್ನೆ ಕೂಡಲೇ ಬರುತ್ತದೆ. ಈ ಎರಡು ನಿಯಮಗಳನ್ನು ಕನ್ನಡದ ಪತ್ರಿಕೆಗಳಿಗೆ, ನಮ್ಮ ವಾರಪತ್ರಿಕೆಗಳನ್ನೂ ಸೇರಿಸಿ, ಅನ್ವಯಿಸಿದರೆ ವಾರಕ್ಕೆ ನಾಲ್ಕು ಪುಟ ಖಾಲಿ ಉಳಿದೀತು.

ಗೌರವಸೂಚಕಗಳ ವಿಷಯ ಇನ್ನೂ ಸೂಕ್ಷ್ಮವಾದುದು. ಪ್ರವಾದಿಯವರ ಹೆಸರಿನ ಜೊತೆ ಸಲಾತ್-ಸಲಾಮಿನ ಸಂಕೇತ ಬಳಸಬಾರದೆಂದು ಇಂಗ್ಲಿಷ್ ಕೈಪಿಡಿ ಹೇಳುತ್ತದೆ. ನಮ್ಮ ಯುವಕರು ಅದನ್ನು ಸೇರಿಸುವುದು, ಇನ್ನೊಬ್ಬರು ತೆಗೆಯುವುದು, ಇವರು ಮತ್ತೆ ಸೇರಿಸುವುದು ವರ್ಷಗಳಿಂದ ನಡೆದು ಬಂದಿದೆ. ವಿಶ್ವಕೋಶದಲ್ಲಿ ಬರೆಯುವವನು ಎಲ್ಲ ಧರ್ಮದವರ, ಧರ್ಮವಿಲ್ಲದವರ ಪರವಾಗಿಯೂ ಬರೆಯುತ್ತಿರುತ್ತಾನೆ. ಅಲ್ಲಿ ಅಚ್ಚಾದ ಸ್ವಲಾತ್ ಯಾರದು? ಹೆಸರನ್ನು ಓದಿದ ಸತ್ಯವಿಶ್ವಾಸಿಯು ತನ್ನ ತುಟಿಯಿಂದ ತಾನೇ ಸ್ವಲಾತ್ ಹೇಳುವುದನ್ನು ಯಾವ ಕೈಪಿಡಿಯೂ ತಡೆದಿಲ್ಲ.

ಆದರೆ ಇಂಗ್ಲಿಷಿನ ನಿಯಮವನ್ನು ಕನ್ನಡಕ್ಕೆ ಹಾಗೆಯೇ ತರಲು ಸಾಧ್ಯವಿಲ್ಲ. ಇಂಗ್ಲಿಷಿನ ಕ್ರಿಯಾಪದಕ್ಕೆ ಮರ್ಯಾದೆಯ ಹಂಗಿಲ್ಲ. ಕನ್ನಡದಲ್ಲಿ 'ಬಂದನು' ಎನ್ನುವುದೂ 'ಬಂದರು' ಎನ್ನುವುದೂ ಒಂದೇ ಅಲ್ಲ. ವಾಕ್ಯ ಮುಗಿಸುವುದರೊಳಗೆ ಲೇಖಕನು ತನ್ನ ಪಕ್ಷವನ್ನು ಹೇಳಿಬಿಟ್ಟಿರುತ್ತಾನೆ. ಅರಸರಿಗೆ ಏಕವಚನ ಬಳಸುವುದು ನಮ್ಮ ಇತಿಹಾಸ ಪುಸ್ತಕಗಳ ಹಳೆಯ ರೂಢಿ. ಪುಲಿಕೇಶಿ ಗೆದ್ದನು, ಕೃಷ್ಣದೇವರಾಯ ಆಳಿದನು ಎಂದು ಓದಿಯೇ ನಾವೆಲ್ಲ ಬೆಳೆದೆವು. ಹಾಗಿರುವಾಗ 'ಟಿಪ್ಪು ಆಳಿದನು' ಎಂಬ ವಾಕ್ಯಕ್ಕೆ ಕೆರಳುವುದರಲ್ಲಿ ಅರ್ಥವಿಲ್ಲ. ಆದರೆ ಒಂದೇ ಪುಟದಲ್ಲಿ ಒಡೆಯರು 'ಆಳಿದರು', ಟಿಪ್ಪು 'ಸತ್ತನು' ಎಂದಿದ್ದರೆ ಅದನ್ನು ಪ್ರಶ್ನಿಸಲೇಬೇಕು. ಪ್ರಶ್ನಿಸುವ ಸ್ಥಳ ಆ ಪುಟಕ್ಕೆ ಹೊಂದಿಕೊಂಡಿರುವ ಚರ್ಚಾಪುಟ. ಒಂದು ಪುಟದೊಳಗೆ ಒಂದೇ ವಚನವಿರಲಿ ಎಂದು ಶಾಂತವಾಗಿ, ಉದಾಹರಣೆ ಸಮೇತ ಬರೆದರೆ ಅದಕ್ಕೆ ತೂಕವಿರುತ್ತದೆ. ಬೈದು ಬರೆದರೆ ಬೈಗುಳ ಮಾತ್ರ ಇತಿಹಾಸದಲ್ಲಿ ಉಳಿಯುತ್ತದೆ.

ಟಿಪ್ಪುವಿನ ವಿಷಯ ಬಂದುದರಿಂದ ಇನ್ನಷ್ಟು ಹೇಳಬೇಕು. ಅವರ ಜನ್ಮದಿನ 1750ರ ನವೆಂಬರ್ 20 ಎಂದು ಬಹಳಷ್ಟು ಪುಸ್ತಕಗಳಲ್ಲಿದೆ. 1751ರ ಡಿಸೆಂಬರ್ 1 ಎನ್ನುವ ಬರಹಗಳೂ ಇವೆ. ರಾಜ್ಯ ಸರಕಾರವು 2015ರಲ್ಲಿ ಜಯಂತಿ ಆರಂಭಿಸಿದಾಗ ಆರಿಸಿಕೊಂಡದ್ದು ನವೆಂಬರ್ 10ನ್ನು. ಮುಂದೆ 2019ರಲ್ಲಿ ಬಂದ ಸರಕಾರ ಅದನ್ನು ರದ್ದುಪಡಿಸಿತು. ಶ್ರೀರಂಗಪಟ್ಟಣದಲ್ಲಿ ಹುತಾತ್ಮರಾದ ದಿನ ಮಾತ್ರ 1799ರ ಮೇ 4 ಎಂಬುದು ನಿರ್ವಿವಾದ. ನೋಡಿ, 'ಹುತಾತ್ಮ' ಎಂಬ ಪದ ನನ್ನ ಲೇಖನಿಯಿಂದ ತಾನಾಗಿ ಜಾರಿತು. ಅಭಿಪ್ರಾಯ ಲೇಖನದಲ್ಲಿ ಅದಕ್ಕೆ ಅವಕಾಶವಿದೆ, ವಿಶ್ವಕೋಶದಲ್ಲಿಲ್ಲ. ಅಲ್ಲಿ 'ಯುದ್ಧದಲ್ಲಿ ಮಡಿದರು' ಎಂದಷ್ಟೇ ಬರೆಯಬೇಕು. ಜನ್ಮದಿನಾಂಕಗಳೆರಡನ್ನೂ ಕೊಟ್ಟು ಎರಡಕ್ಕೂ ಮೂಲ ತೋರಿಸಬೇಕು.

ಇಂತಹ ಪುಟಗಳಲ್ಲಿ ನಮ್ಮ ತರುಣರು ಮಾಡುವ ದೊಡ್ಡ ತಪ್ಪೆಂದರೆ ನೋವುಂಟುಮಾಡುವ ಪ್ಯಾರಾವನ್ನು ಇಡಿಯಾಗಿ ಅಳಿಸುವುದು. ಅಳಿಸಿದ ಪ್ಯಾರಾ ಹೆಚ್ಚಾಗಿ ಕೆಲವೇ ನಿಮಿಷಗಳಲ್ಲಿ ಮರಳಿ ಬರುತ್ತದೆ. ಮತ್ತೆ ಮತ್ತೆ ಅಳಿಸಿದವನ ಖಾತೆಗೆ ಬೀಗ ಬೀಳುತ್ತದೆ. ಅಲ್ಲಿಗೆ ನ್ಯಾಯವಾದ ಮಾತೊಂದನ್ನು ಹೇಳಬಹುದಾಗಿದ್ದ ಒಬ್ಬ ವ್ಯಕ್ತಿ ಕಡಿಮೆಯಾದಂತಾಯಿತು. ಶೃಂಗೇರಿ ಮಠದ ಮೇಲೆ 1791ರಲ್ಲಿ ಮರಾಠ ಸೇನೆಯ ಕಡೆಯವರು ದಾಳಿ ನಡೆಸಿದ ಬಳಿಕ ಟಿಪ್ಪು ಸ್ವಾಮಿಗಳಿಗೆ ಪತ್ರ ಬರೆದು ನೆರವು ನೀಡಿದ್ದು ಆ ಪುಟದಲ್ಲಿ ಇರಬೇಕಾದದ್ದೇ. ಮೈಸೂರಿನ ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಆರ್. ನರಸಿಂಹಾಚಾರ್ 1916ರಲ್ಲಿ ಆ ಪತ್ರಗಳನ್ನು ಬೆಳಕಿಗೆ ತಂದರು. ಆದರೆ 1784ರಲ್ಲಿ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದುದೂ ಅದೇ ಪುಟದಲ್ಲಿ ಇರಬೇಕು. ಮಂಗಳೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿರುವವರು ಅವರ ಸಂತತಿಯವರೇ. ಶೃಂಗೇರಿಯನ್ನು ಸೇರಿಸಲು ಓಡಿಬರುವ ನಾವು ಇದನ್ನು ಅಳಿಸಲು ಹೊರಟರೆ, ಶೃಂಗೇರಿಯನ್ನು ಅಳಿಸಲು ಹೊರಟವನಿಗೆ ಏನೆಂದು ಹೇಳುವುದು? ಮೊಹಿಬ್ಬುಲ್ ಹಸನ್, ಕೇಟ್ ಬ್ರಿಟಲ್‌ಬ್ಯಾಂಕ್, ನಮ್ಮವರೇ ಆದ ಪ್ರೊ. ಬಿ. ಶೇಖ್ ಅಲಿ ಮುಂತಾದವರ ಗ್ರಂಥಗಳಿವೆ. ಅವುಗಳನ್ನು ಓದಿ, ಪುಟ ಸಂಖ್ಯೆ ಸಹಿತ ನಾಲ್ಕು ಸಾಲು ಸೇರಿಸುವುದು ನಲವತ್ತು ಸಾಲು ಅಳಿಸುವುದಕ್ಕಿಂತ ಕಷ್ಟದ ಕೆಲಸ. ಉಳಿಯುವುದು ಮಾತ್ರ ಅದೇ.

2008ರಲ್ಲಿ ಇನ್ನೊಂದು ಪಾಠವಾಯಿತು. ಪ್ರವಾದಿಯವರ ಕುರಿತ ಇಂಗ್ಲಿಷ್ ಪುಟದಲ್ಲಿದ್ದ ಮಧ್ಯಯುಗದ ಚಿತ್ರಗಳನ್ನು ತೆಗೆಯಬೇಕೆಂದು ಲಕ್ಷಕ್ಕೂ ಅಧಿಕ ಜನರು ಮನವಿಗೆ ಸಹಿ ಹಾಕಿದರು. ಚಿತ್ರಗಳನ್ನು ತೆಗೆಯಲಿಲ್ಲ, ಬಯಸುವ ಓದುಗರು ತಮ್ಮ ಮಟ್ಟಿಗೆ ಅವುಗಳನ್ನು ಮರೆಮಾಡಿಕೊಳ್ಳುವ ವಿಧಾನವನ್ನು ತಿಳಿಸಲಾಯಿತು. ಆ ತೀರ್ಮಾನ ನನಗೆ ಇಂದಿಗೂ ಒಪ್ಪಿಗೆಯಿಲ್ಲ. ಆದರೆ ಸಹಿ ಹಾಕಿದ ಅಷ್ಟು ಜನರಲ್ಲಿ ನೂರಕ್ಕೆ ಒಬ್ಬರಾದರೂ ಆ ವಿಶ್ವಕೋಶದಲ್ಲಿ ಬರೆಯಲು ಕಲಿತಿದ್ದರೆ ಎಂದು ಯೋಚಿಸದೆ ಇರಲಾರೆ. ಅಲ್ಲಿ ತಲೆ ಎಣಿಸುವುದಿಲ್ಲ, ವಾದ ಮತ್ತು ಮೂಲಗಳನ್ನು ತೂಗುತ್ತಾರೆ. ಬೀದಿಯಲ್ಲಿ ನೆರೆದು ಮನವಿ ಸಲ್ಲಿಸುವ ಅಭ್ಯಾಸವಷ್ಟೇ ಇರುವ ಸಮುದಾಯವು ಮೇಜಿನ ಮುಂದೆ ಕುಳಿತು ವಾದಿಸಬೇಕಾದ ಕಡೆ ಸೋಲುತ್ತದೆ.

ಸೋಜಿಗವೆಂದರೆ, ಮೂಲ ಕೇಳುವ ಈ ಪದ್ಧತಿ ನಮಗೆ ಅಪರಿಚಿತವಾಗಿರಬೇಕಾದದ್ದೇ ಅಲ್ಲ. ಹದೀಸ್ ಪಾಠದಲ್ಲಿ ಮತ್ನ್‌ಗಿಂತ ಮೊದಲು ಸನದ್ ಬರುತ್ತದೆ. ಯಾರಿಂದ ಯಾರು ಕೇಳಿದರೆಂಬ ಸರಪಣಿಯಲ್ಲಿ ಒಂದು ಕೊಂಡಿ ಕಳಚಿದರೂ ಮಾತಿನ ಸ್ಥಾನ ಕುಸಿಯುತ್ತದೆ. ಹಿಜರಿ 597ರಲ್ಲಿ ನಿಧನರಾದ ಇಬ್ನುಲ್ ಜೌಝಿಯವರು ಕಟ್ಟುಕಥೆಯ ಹದೀಸ್‌ಗಳನ್ನೇ ಗುರುತಿಸಿ ಬೃಹತ್ ಗ್ರಂಥ ರಚಿಸಿದರು. ಆ ಪರಂಪರೆಯ ವಾರಸುದಾರರಾದ ನಾವು ಇಂದು ವಾಟ್ಸಾಪಿನಲ್ಲಿ ಬಂದದ್ದನ್ನು ಮೂಲ ನೋಡದೆ ಮುಂದಕ್ಕೆ ತಳ್ಳುತ್ತೇವೆ. ವ್ಯತ್ಯಾಸವೂ ಇದೆ. ಹದೀಸ್ ಶಾಸ್ತ್ರ ವರದಿಗಾರನ ಚಾರಿತ್ರ್ಯವನ್ನೇ ಪರೀಕ್ಷಿಸುತ್ತದೆ. ವಿಕಿಪೀಡಿಯಕ್ಕೆ ಬರೆಯುವವನ ಚಾರಿತ್ರ್ಯ ಬೇಕಿಲ್ಲ, ಅವನ ಹೆಸರೂ ಬೇಕಿಲ್ಲ. ಉಸ್ತಾದರ ಪಾದದಡಿ ಹತ್ತು ವರ್ಷ ಕುಳಿತು ಕಲಿತವನೆಂಬ ನನ್ನ ಸಾಕ್ಷ್ಯಕ್ಕೆ ಅಲ್ಲಿ ಬೆಲೆಯಿಲ್ಲ. ಅಚ್ಚಾದ, ಸ್ವತಂತ್ರ ಮೂಲ ಎಲ್ಲಿ ಎಂಬುದಷ್ಟೇ ಪ್ರಶ್ನೆ.

ಈ ನಿಯಮ ಎಲ್ಲರಿಗೂ ಒಂದೇ, ನಿಜ. ಆದರೆ ಎಲ್ಲರ ಕೈಯಲ್ಲೂ ಅಚ್ಚಿನ ಕಾಗದ ಒಂದೇ ಪ್ರಮಾಣದಲ್ಲಿಲ್ಲ. ಶಾಸನ, ತಾಳೆಗರಿ, ಸಂಶೋಧನಾ ಪೀಠ ಇರುವವರ ನೆನಪು ಸುಲಭವಾಗಿ ಲೇಖನವಾಗುತ್ತದೆ. ಬ್ಯಾರಿ ಅಜ್ಜಿಯರ ಮದುವೆ ಹಾಡಾಗಲಿ, ಬೀಡಿ ಕಟ್ಟುತ್ತಲೇ ನೆರೆಹೊರೆಯ ಮಕ್ಕಳಿಗೆ ಕುರ್‌ಆನ್ ಓದಲು ಕಲಿಸಿದ ಹೆಂಗಸರ ಬದುಕಾಗಲಿ ಯಾವ ಪುಸ್ತಕದಲ್ಲಿದೆ? ವಿಶ್ವಕೋಶ ಅವರನ್ನು ಕೈಬಿಟ್ಟಿತೆಂದು ದೂರುವ ಮೊದಲು, ನಾವೇ ಅವರ ಬಗ್ಗೆ ಒಂದು ಪುಟವನ್ನೂ ಬರೆಯಲಿಲ್ಲವೆಂಬುದನ್ನು ಒಪ್ಪಬೇಕಾಗುತ್ತದೆ. ಜಮಾಅತ್‌ಗಳು ವಾರ್ಷಿಕೋತ್ಸವಗಳಿಗೆ ಹಣ ಚೆಲ್ಲಿ ಸ್ಮರಣ ಸಂಚಿಕೆ ಹೊರತರುತ್ತವೆ. ಅದರಲ್ಲಿ ಅರ್ಧ ಜಾಹೀರಾತು, ಕಾಲು ಭಾಗ ಗಣ್ಯರ ಶುಭಾಶಯ, ಉಳಿದದ್ದರಲ್ಲಿ ಫೋಟೋ. ಸಂಸ್ಥೆ ಯಾವ ವರ್ಷ ಆರಂಭವಾಯಿತೆಂದು ತಿಳಿಯಲು ಪುಟ ಮಗುಚುತ್ತಾ ಹೋಗಬೇಕು.

ಉಸ್ತಾದರ ಪುಟದ ಕಥೆಯೂ ಹಾಗೆಯೇ ಆಯಿತು. ಮದ್ರಸದ ಸುವರ್ಣ ಮಹೋತ್ಸವದ ಸಂಚಿಕೆ ಅವರದೇ ಸಂಸ್ಥೆಯದ್ದಾದುದರಿಂದ ಅದೊಂದೇ ಸಾಲದಾಯಿತು. ಮೂರು ತಿಂಗಳು ಗ್ರಂಥಾಲಯಗಳಿಗೆ ಅಲೆದ ಮೇಲೆ ಎರಡು ಹಳೆಯ ಪತ್ರಿಕಾ ವರದಿ, ಒಂದು ಸಂಶೋಧನ ಪ್ರಬಂಧದಲ್ಲಿ ಅವರ ಕುರಿತ ಒಂದೂವರೆ ಪುಟ ಸಿಕ್ಕವು. ಈಗ ಆ ಪುಟದಲ್ಲಿ ಹನ್ನೊಂದು ಸಾಲುಗಳಿವೆ. ಅವರು ಪಾಠ ಆರಂಭಿಸಿದ ವರ್ಷ ಎರಡು ಮೂಲಗಳಲ್ಲಿ ಎರಡು ರೀತಿಯಿದೆ, ಎರಡನ್ನೂ ಕೊಟ್ಟಿದ್ದೇನೆ. ಹಝ್ರತ್ ಇಲ್ಲ, ಜ್ಞಾನಸಾಗರವಿಲ್ಲ. ಉಸ್ತಾದರ ಹಿರಿಯ ಮಗ ಅದನ್ನು ಮೊಬೈಲಿನಲ್ಲಿ ಓದಿ ಬಹಳ ಹೊತ್ತು ಸುಮ್ಮನಿದ್ದರು. "ಇದೇನು ತಮ್ಮಾ, ಸರಕಾರಿ ಕಾಗದದ ಹಾಗೆ ಬರೆದಿದ್ದೀಯಲ್ಲ" ಎಂದರು. ಬಳಿಕ, "ಇದರಲ್ಲಿ ಸುಳ್ಳೇನೂ ಇಲ್ಲ ಬಿಡು" ಎಂದರು.

ಎದ್ದು ಹೊರಡುವಾಗ ಅವರು ತಂದೆಯ ಕಾಲದ ಒಂದು ತಗಡಿನ ಪೆಟ್ಟಿಗೆ ಕೊಟ್ಟರು. ತುಂಬಾ ಪತ್ರಿಕೆಯ ತುಣುಕುಗಳು: ಮದ್ರಸದ ಕಟ್ಟಡದ ಶಿಲಾನ್ಯಾಸ, ಹೆಣ್ಣುಮಕ್ಕಳ ತರಗತಿಯ ಆರಂಭ, ಕೋಮುಗಲಭೆಯ ದಿನಗಳಲ್ಲಿ ನಡೆದ ಶಾಂತಿಸಭೆಯ ವರದಿ. ಅಚ್ಚುಕಟ್ಟಾಗಿ ಕತ್ತರಿಸಿ ಅಂಟಿಸಿಟ್ಟಿದ್ದಾರೆ. ಕತ್ತರಿಸುವಾಗ ಪತ್ರಿಕೆಯ ಹೆಸರು, ದಿನಾಂಕವಿದ್ದ ಅಂಚು ಮಾತ್ರ ಎಲ್ಲದರಲ್ಲೂ ಹೋಗಿದೆ. ನಿಮ್ಮ ಮನೆಗಳಲ್ಲೂ ಇಂತಹ ಪೆಟ್ಟಿಗೆಗಳಿರಬಹುದು. ನೆನಪಿರುವ ಹಿರಿಯರು ಇನ್ನೂ ಜೊತೆಗಿರುವಾಗಲೇ ಪ್ರತಿಯೊಂದು ತುಣುಕಿನ ಹಿಂದೆ ಪತ್ರಿಕೆಯ ಹೆಸರನ್ನೂ ವರ್ಷವನ್ನೂ ಪೆನ್ಸಿಲಿನಿಂದ ಬರೆದಿಡಿ. ನಾನು ಈ ಪೆಟ್ಟಿಗೆಯೊಂದಿಗೆ ಮುಂದಿನ ವಾರ ಮತ್ತೆ ಗ್ರಂಥಾಲಯಕ್ಕೆ ಹೋಗಲಿದ್ದೇನೆ. ಶಾಂತಿಸಭೆಯ ವರದಿಯಿಂದ ಹುಡುಕಲು ಆರಂಭಿಸಬೇಕೆಂದಿದ್ದೇನೆ.