ಡೀಮೆನ್ನಿನ ಮತಪತ್ರವೂ ಅರಿಸ್ಟಾಟಲನ ಮನುಷ್ಯನೂ

ಮನುಷ್ಯಸ್ವಭಾವವೆಂದರೇನು ಎಂಬ ಪ್ರಶ್ನೆಯನ್ನು ಪ್ರಾಚೀನ ಗ್ರೀಕರು ಎತ್ತಿದಾಗ ಅವರ ಕಣ್ಣೆದುರಿಗೆ ಇದ್ದವನು, ಊರ ಬಯಲಿನಲ್ಲಿ ಹತ್ತು ಮಂದಿಯ ನಡುವೆ ನಿಂತು, ಯುದ್ಧ ಬೇಕೆ ಬೇಡವೆ, ತೆರಿಗೆ ಎಷ್ಟು, ತಪ್ಪಿತಸ್ಥನಿಗೆ ಶಿಕ್ಷೆಯೇನು ಎಂದು ವಾದಿಸುತ್ತಿದ್ದ ಪುರವಾಸಿ. ಅರಿಸ್ಟಾಟಲನು ತನ್ನ ರಾಜನೀತಿ ಗ್ರಂಥದ ಮೊದಲಲ್ಲಿಯೇ ಮನುಷ್ಯನು ಪ್ರಕೃತಿಯಿಂದಲೇ ಪುರಜೀವಿಯೆಂದೂ, ಪುರದ ಹಂಗಿಲ್ಲದೆ ಬಾಳಬಲ್ಲವನು ಮೃಗವಾಗಿರಬೇಕು ಇಲ್ಲವೆ ದೇವತೆಯಾಗಿರಬೇಕೆಂದೂ ಪ್ರತಿಪಾದಿಸುತ್ತಾನೆ. ಸುಖದುಃಖಗಳನ್ನು ಸೂಚಿಸುವ ಧ್ವನಿ ಪಶುಪಕ್ಷಿಗಳಿಗೂ ಉಂಟು. ನ್ಯಾಯಾನ್ಯಾಯಗಳನ್ನು ವಿವೇಚಿಸುವ ವಾಕ್ಕು ಮಾತ್ರ ಮನುಷ್ಯನ ಸೊತ್ತು. ಆ ವಾಕ್ಕು ಸಾರ್ಥಕವಾಗುವುದು ಸಹವಾಸಿಗಳೊಡನೆ ಕೂಡಿ ನಿರ್ಣಯ ಮಾಡುವಲ್ಲಿ ಎಂಬುದು ಅವನ ವಾದಸರಣಿ.

ಇಷ್ಟನ್ನು ಹೇಳಿದ ಆ ಮಹಾನುಭಾವನಿಗೆ ತಾನು ಬಹುಕಾಲ ಬಾಳಿದ ಅಥೆನ್ಸಿನಲ್ಲಿ ಮತವಿರಲಿಲ್ಲ. ಅವನು ಉತ್ತರದ ಸ್ಟಗೀರದವನು. ಅಥೆನ್ಸಿನ ಲೆಕ್ಕದಲ್ಲಿ ವಲಸಿಗ. ಅಂಥ ವಲಸಿಗ ಗಂಡಸು ವರ್ಷಕ್ಕೆ 12 ದ್ರಾಖ್ಮ ತಲೆಗಂದಾಯ ಕೊಡಬೇಕು, ಕರೆ ಬಂದರೆ ಯುದ್ಧಕ್ಕೂ ಹೋಗಬೇಕು. ಆದರೆ ಜನಸಭೆಯಲ್ಲಿ ಬಾಯಿ ತೆರೆಯುವಂತಿಲ್ಲ, ವಿಶೇಷಾನುಗ್ರಹವಿಲ್ಲದೆ ಮನೆ ಹೊಲಗಳನ್ನು ಕೊಳ್ಳುವಂತಿಲ್ಲ. ಕ್ರಿ.ಪೂ. 323ರಲ್ಲಿ ಅಲೆಕ್ಸಾಂಡರನು ಸತ್ತ ಸುದ್ದಿ ಬಂದು ಊರು ಮ್ಯಾಸಿಡೋನಿಯದವರ ಮೇಲೆ ತಿರುಗಿಬಿದ್ದಾಗ, ದೈವನಿಂದೆಯ ಆರೋಪಕ್ಕೆ ಗುರಿಯಾದ ಅವನು ಕಾಲ್ಕಿಸ್‌ಗೆ ಹೊರಟುಹೋದನು. ಮರುವರ್ಷ ಅಲ್ಲಿಯೇ ತೀರಿಕೊಂಡನು. ಪೌರತ್ವದ ಲಕ್ಷಣವನ್ನು ಜಗತ್ತಿಗೆ ಬರೆದುಕೊಟ್ಟವನು ಅಥೆನ್ಸಿನ ಪೌರನಾಗದೆಯೇ ಬಾಳು ಮುಗಿಸಿದನೆಂಬುದನ್ನು ನೆನೆದಾಗಲೆಲ್ಲ ನನ್ನ ಮನಸ್ಸು ನೋಯುತ್ತದೆ.

ಹಾಲೆಂಡಿನ ಡೀಮೆನ್ನಿನಂಥ ಊರಿನಲ್ಲಿ ನೆಲೆಸಿರುವ ನಮ್ಮ ಜನರ ವಿಷಯದಲ್ಲಿ ಈ ಸಂಗತಿ ಮತ್ತೆ ಮತ್ತೆ ನೆನಪಾಗಬೇಕಾದದ್ದು. ಡೀಮೆನ್ ಆಮ್ಸ್ಟರ್‌ಡ್ಯಾಮಿನ ಪೂರ್ವಭಾಗಕ್ಕೂ ಆಗ್ನೇಯಭಾಗಕ್ಕೂ ನಡುವೆ ಸಿಕ್ಕಿಕೊಂಡು, ಆ ಮಹಾನಗರದಲ್ಲಿ ಲೀನವಾಗದೆ ತನ್ನ ನಗರಸಭೆಯನ್ನು ತಾನೇ ಉಳಿಸಿಕೊಂಡಿರುವ ಪುಟ್ಟ ಪುರ. ಆ ಸೀಮೆಯ ನೆಲವೇ ಸಹಕಾರದ ಫಲ. ಹಳೆಯ ಡೀಮೆನ್ ಸಮುದ್ರಕಟ್ಟೆಯ ಒಳಗೆ, 1629ರಲ್ಲಿ ನೀರು ಬಸಿದು ಗದ್ದೆ ಮಾಡಿದ್ದ ಡೀಮರ್ ಸರೋವರದ ಬಯಲು, 1651ರ ಮಾರ್ಚಿನಲ್ಲಿ ಬಿರುಗಾಳಿಗೆ ಕಟ್ಟೆಯೊಡೆದು ಮತ್ತೆ ಜಲಮಯವಾಯಿತು. ಜನ ಅದನ್ನು ಮತ್ತೆ ಬಸಿದರು. ಆ ದೇಶದ ಪುರಾತನ ಕಟ್ಟೆಶಾಸನದಲ್ಲಿ ಒಂದು ನಿಯಮವಿತ್ತು: ತನ್ನ ಪಾಲಿನ ಕಟ್ಟೆಯನ್ನು ಕಾಯಲಾರದ ರೈತನು ಅದರ ಮೇಲೆ ಗುದ್ದಲಿ ನೆಟ್ಟು ಹೊರಟುಹೋಗತಕ್ಕದ್ದು, ಆ ಗುದ್ದಲಿಯನ್ನು ಯಾವನು ಕೀಳುತ್ತಾನೆಯೋ ಅವನಿಗೆ ಆ ಭೂಮಿಯೂ ಅದರ ಕಟ್ಟೆಯ ಹೊಣೆಯೂ ಒಟ್ಟಿಗೆ ಸೇರುವುವು. ಭೂಮಿಯ ಹಕ್ಕನ್ನು ಹೊಣೆಯೊಡನೆ ಇಷ್ಟು ಬಿಗಿಯಾಗಿ ಹೆಣೆದ ಶಾಸನವನ್ನು ಅರಿಸ್ಟಾಟಲನು ಕಂಡಿದ್ದರೆ, ತಾನು ಸಂಗ್ರಹಿಸಿದ ಪುರಶಾಸನಗಳ ಸಾಲಿನಲ್ಲಿ ಸೇರಿಸಿಕೊಳ್ಳುತ್ತಿದ್ದನೆಂದೇ ನನ್ನ ಭಾವನೆ.

ಆ ದೇಶ ಈಗ ಹೊರಗಿನವನಿಗೂ ಗುದ್ದಲಿ ಕೀಳುವ ಅವಕಾಶ ಕೊಟ್ಟಿದೆ. 1986ರ ಚುನಾವಣೆಯಿಂದ ಮೊದಲ್ಗೊಂಡು, ಪರದೇಶದ ಪಾಸ್‌ಪೋರ್ಟ್ ಹಿಡಿದವನೂ 5 ವರ್ಷ ಸತತವಾಗಿ ಕಾನೂನುಬದ್ಧವಾಗಿ ವಾಸಿಸಿದರೆ ನಗರಸಭೆಗೆ ಮತ ಹಾಕಬಹುದು, ಅಭ್ಯರ್ಥಿಯಾಗಿಯೂ ನಿಲ್ಲಬಹುದು. ಸಂಸತ್ತಿನ ಚುನಾವಣೆಯಲ್ಲಿ ಅವನಿಗೆ ಆ ಅಧಿಕಾರವಿಲ್ಲ. ಅದು ನ್ಯಾಯವೆ ಎಂಬ ಚರ್ಚೆ ಬೇರೆ. ಭಾರತದ ಪೌರತ್ವವನ್ನು ಬಿಡಲು ಮನಸ್ಸೊಪ್ಪದ ಕನ್ನಡಿಗನ ಸ್ಥಿತಿಯನ್ನು ಈ ಬೆಳಕಿನಲ್ಲಿ ನೋಡಬೇಕು. ಭಾರತದ ಚುನಾವಣಾ ಕಾನೂನಿನ 2010ರ ತಿದ್ದುಪಡಿಯಿಂದ ಅನಿವಾಸಿಗೆ ಊರಿನ ಮತದಾರರ ಪಟ್ಟಿಯಲ್ಲಿ ಸ್ಥಾನ ಸಿಕ್ಕಿದ್ದರೂ ಮತಗಟ್ಟೆಗೆ ಖುದ್ದಾಗಿ ಬಂದಲ್ಲದೆ ಮತವಿಲ್ಲ. ಹಾಸನಕ್ಕೋ ಧಾರವಾಡಕ್ಕೋ ಅದಕ್ಕಾಗಿ ವಿಮಾನ ಹತ್ತುವವರು ಎಷ್ಟು ಮಂದಿ? ಹೀಗೆ ಹುಟ್ಟಿದೂರಿನ ಮತ ದೂರವಾಗಿ, ಬಾಳುವ ಊರಿನ ಮತದಾನದ ಚೀಟಿ ಮನೆಬಾಗಿಲಿಗೆ ಅಂಚೆಯಲ್ಲಿ ಬಂದು ಬಿದ್ದಿದ್ದರೂ ಅದನ್ನು ತೆರೆದು ನೋಡದವರುಂಟು.

ಅವರಿಗೆ ಪ್ರಬಲನಾದ ವಕೀಲನೊಬ್ಬನು ಗ್ರೀಸಿನಲ್ಲಿಯೇ ಇದ್ದಾನೆ. ಎಪಿಕ್ಯೂರಸನು ಕ್ರಿ.ಪೂ. 306ರ ಸುಮಾರಿಗೆ ಅಥೆನ್ಸಿನ ಕೋಟೆಯ ಹೊರಗೆ ಒಂದು ಉದ್ಯಾನವನ್ನು ಕೊಂಡು, ಮಿತ್ರರೊಡನೆ ಮಿತಾಹಾರದಲ್ಲಿ ಬಾಳುತ್ತ, ರಾಜಕಾರಣವೆಂಬ ಸೆರೆಮನೆಯಿಂದ ದೂರವಿದ್ದು ಯಾರ ಕಣ್ಣಿಗೂ ಬೀಳದೆ ಬದುಕುವುದೇ ನೆಮ್ಮದಿಯ ದಾರಿಯೆಂದು ಬೋಧಿಸಿದನು. ನಮ್ಮವರ ವಿದೇಶವಾಸ ಬಹುಮಟ್ಟಿಗೆ ಈ ಉದ್ಯಾನದ ಬಾಳು: ಉದ್ಯೋಗ, ಮಕ್ಕಳ ಓದು, ಗಣಪತಿಯ ಹಬ್ಬ, ನವೆಂಬರಿನಲ್ಲಿ ಬಾಡಿಗೆಯ ಸಭಾಂಗಣದಲ್ಲಿ ರಾಜ್ಯೋತ್ಸವ, ಮಿತ್ರರ ಮನೆಯಲ್ಲಿ ಬಿಸಿಬೇಳೆಬಾತು. ಇದನ್ನು ಹಗುರವಾಗಿ ಕಾಣುವವನು ನಾನಲ್ಲ. ಸ್ತ್ರೀಯರನ್ನೂ ದಾಸರನ್ನೂ ತನ್ನ ಉದ್ಯಾನಕ್ಕೆ ಬರಮಾಡಿಕೊಂಡವನು ಎಪಿಕ್ಯೂರಸ್. ಕೆಲವರು ಪ್ರಕೃತಿಯಿಂದಲೇ ದಾಸರೆಂದೂ ಸ್ತ್ರೀಯ ವಿವೇಚನೆಗೆ ಅಧಿಕಾರವಿಲ್ಲವೆಂದೂ ಬರೆದವನು ಅರಿಸ್ಟಾಟಲ್. ಆ ಕಳಂಕವನ್ನು ಯಾವ ವ್ಯಾಖ್ಯಾನವೂ ತೊಳೆಯಲಾರದು. ಆದರೂ ಉದ್ಯಾನದ ಗೋಡೆಯಾಚೆ ಶಾಲೆಯ ಸ್ಥಳ, ಬಾಡಿಗೆ ಮನೆಗಳ ಸಂಖ್ಯೆ, ರಸ್ತೆಯ ದೀಪ, ಮುದುಕರ ಶುಶ್ರೂಷೆ ಇವೆಲ್ಲ ಯಾರೋ ಕೂತು ನಿರ್ಣಯಿಸಿದ ಸಂಗತಿಗಳು; ಆ ನಿರ್ಣಯದ ಹಣ್ಣನ್ನು ತಿಂದು ಶ್ರಮದಿಂದ ಜಾರಿಕೊಳ್ಳುವವನ ಸ್ವಭಾವದಲ್ಲಿ ಅರ್ಧಾಂಶ ಮಲಗಿಯೇ ಇರುತ್ತದೆಂಬ ಅರಿಸ್ಟಾಟಲನ ಪಕ್ಷವೇ ನನಗೆ ಸತ್ಯವಾಗಿ ತೋರುತ್ತದೆ.

ತಮಗೆ ಆ ಊರಿನ ವಿಷಯ ತಿಳಿಯದು, ಡಚ್ ಭಾಷೆ ಸರಿಯಾಗಿ ಬಾರದು ಎಂಬುದು ಸಾಮಾನ್ಯವಾದ ಆಕ್ಷೇಪ. ಇದಕ್ಕೆ ಅಬ್ಡೇರದಿಂದ ಅಥೆನ್ಸಿಗೆ ಬಂದ ಪ್ರೊಟಾಗೊರಸನೆಂಬ ಪರಸ್ಥಳದವನು, ಪ್ಲೇಟೋ ಅವನ ಹೆಸರಿನಲ್ಲಿಯೇ ಬರೆದಿರುವ ಸಂವಾದದಲ್ಲಿ, ಒಂದು ಕಥೆಯ ಮೂಲಕ ಉತ್ತರ ಕೊಟ್ಟಿದ್ದಾನೆ. ಮನುಷ್ಯರಿಗೆ ಬೆಂಕಿಯೂ ಕುಶಲವಿದ್ಯೆಗಳೂ ದೊರೆತ ಮೇಲೂ ಅವರು ಒಟ್ಟಿಗೆ ಬಾಳಲರಿಯದೆ ಒಬ್ಬರನ್ನೊಬ್ಬರು ಪೀಡಿಸಿ ಚದರಿಹೋಗಿ ಮೃಗಗಳಿಗೆ ತುತ್ತಾಗುತ್ತಿದ್ದರಂತೆ. ಆಗ ಜ್ಯೂಸ್ ದೇವನು ಹರ್ಮಿಸನ ಕೈಯಲ್ಲಿ ಲಜ್ಜೆಯನ್ನೂ ನ್ಯಾಯವನ್ನೂ ಕಳುಹಿಸಿದನು. ವೈದ್ಯವಿದ್ಯೆಯಂತೆ ಇವನ್ನೂ ಕೆಲವರಿಗೆ ಮಾತ್ರ ಕೊಡಲೆ ಎಂದು ದೂತನು ಕೇಳಲು, ಎಲ್ಲರಿಗೂ ಹಂಚು, ಇಲ್ಲವಾದರೆ ಪುರಗಳೇ ನಿಲ್ಲಲಾರವೆಂದು ದೇವನು ಆಜ್ಞಾಪಿಸಿದನು. ಹಡಗು ಕಟ್ಟುವ ಮಾತು ಬಂದಾಗ ಹಡಗಿನ ಬಡಗಿಯನ್ನೇ ಕರೆಯುವ ಅಥೆನ್ಸಿನವರು, ಪುರದ ಹಿತದ ಮಾತು ಬಂದಾಗ ಕಮ್ಮಾರನ ಮಾತನ್ನೂ ಚಮ್ಮಾರನ ಮಾತನ್ನೂ ಕೇಳುವುದಕ್ಕೆ ಇದೇ ಕಾರಣವೆಂದು ಪ್ರೊಟಾಗೊರಸನ ಸಮಾಧಾನ. ಭಾಷೆಯ ಕೊರತೆಗಾದರೋ ಅರಿಸ್ಟಾಟಲನ ನೀತಿಗ್ರಂಥದಲ್ಲಿಯೇ ಉತ್ತರವುಂಟು: ಮನೆ ಕಟ್ಟುತ್ತ ಕಟ್ಟುತ್ತಲೇ ಒಬ್ಬನು ಶಿಲ್ಪಿಯಾಗುವಂತೆ, ನ್ಯಾಯವನ್ನು ಆಚರಿಸುತ್ತಲೇ ನ್ಯಾಯವಂತನಾಗತಕ್ಕದ್ದು.

ನಗರಸಭೆಯ ಮತಕ್ಕೆ ಇನ್ನೂ 5 ವರ್ಷ ತುಂಬದ ಹೊಸಬನೂ ಕೈಕಟ್ಟಿ ಕುಳಿತಿರಬೇಕಾಗಿಲ್ಲ. ಡೀಮೆನ್ನಿನ ಕಾಲುವೆಗಳನ್ನು ನೋಡಿಕೊಳ್ಳುವ ಆಮ್ಸ್ಟೆಲ್-ಖೋಯ್-ಫೆಖ್ಟ್ ಜಲಮಂಡಲಿಗೆ ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ ನಡೆಯುತ್ತದೆ. ಅದರಲ್ಲಿ ವಾಸದ ಪರವಾನಗಿಯುಳ್ಳ ವಿದೇಶೀಯ ವಯಸ್ಕನಿಗೂ ಮತವುಂಟು. ಕೆಂಪು ಪೆನ್ಸಿಲಿನಿಂದ ವೃತ್ತವೊಂದನ್ನು ತುಂಬಿ, ಅಗಲವಾದ ಹಾಳೆಯನ್ನು ಮಡಿಸಿ ಪೆಟ್ಟಿಗೆಗೆ ಹಾಕುವುದಷ್ಟೇ ಕೆಲಸ. ಆದರೆ ಅಲ್ಲಿ ತೀರ್ಮಾನವಾಗತಕ್ಕ ಪ್ರಶ್ನೆ ಸಣ್ಣದಲ್ಲ. ಕಾಲುವೆಯ ನೀರನ್ನು ತಗ್ಗಿಸಿದರೆ ರೈತನ ಹುಲ್ಲುಗಾವಲು ಒಣಗಿ ದನ ಮೇಯಲು ಅನುಕೂಲ. ಆದರೆ ಗಾಳಿ ತಾಗಿದ ಜೊಂಡುಮಣ್ಣು ಕರಗಿ ನೆಲ ಕುಸಿಯುತ್ತದೆ, ಹಳೆಯ ಮನೆಗಳ ಕೆಳಗಿನ ಮರದ ಕಂಬಗಳು ಕೊಳೆಯುತ್ತವೆ. ನೀರನ್ನು ಏರಿಸಿದರೆ ಕಂಬಗಳು ಉಳಿದಾವು, ರೈತನು ಸೋತಾನು. ಎಷ್ಟು ಏರಿಸಬೇಕು, ಆ ನಷ್ಟವನ್ನು ಯಾರು ಭರಿಸಬೇಕು ಎಂಬುದನ್ನು ಆ ಮಂಡಲಿಯ ಸದಸ್ಯರು ಕೂಡಿ ಗೊತ್ತುಮಾಡುತ್ತಾರೆ. ಅದರ ತೆರಿಗೆಯ ಪತ್ರ ವರ್ಷವರ್ಷವೂ ಕನ್ನಡಿಗನ ಮನೆಗೂ ಬರುತ್ತದೆ.