ಬಾಳೆಹಣ್ಣಿನ ಸದ್ದು

ಕಮಲಾಪುರದ ಕೆಂಪು ಬಾಳೆಯನ್ನು ಅರಿಯದ ಗೃಹಿಣಿ ಕಲಬುರಗಿ ನಗರದಲ್ಲಿ ವಿರಳ. ಆ ಹಣ್ಣಿಗೂ ಒಂದು ಸದ್ದುಂಟೆಂದರೆ ನಂಬುವವರೂ ವಿರಳವೇ. ಅದು ಕಿವಿಗೆ ಕೇಳುವ ಸದ್ದಲ್ಲ. ಬಾಳೆ ಯಾವುದೇ ಇರಲಿ, ಅದರಲ್ಲಿರುವ ಪೊಟ್ಯಾಸಿಯಮ್ಮಿನ ಅಲ್ಪಾಂಶ ವಿಕಿರಣಶೀಲವಾದುದು. ಸಾಧಾರಣ ಗಾತ್ರದ ಹಣ್ಣೊಂದರಲ್ಲಿ ಸೆಕೆಂಡಿಗೆ ಸುಮಾರು 15 ಪರಮಾಣುಗಳು ಸಿಡಿಯುತ್ತವೆ. ತಿನ್ನುವವರಿಗೆ ಇದರಿಂದ ಭಯವಿಲ್ಲ. ಕಪ್ಪು ದ್ರವ್ಯವನ್ನು ಅರಸುವ ವಿಜ್ಞಾನಿಗಾದರೋ ಇದು ಸಂತೆಯ ಗದ್ದಲ!

ವಿಶ್ವದಲ್ಲಿ ಕಾಣುವ ದ್ರವ್ಯಕ್ಕಿಂತ ಕಾಣದ ಈ ದ್ರವ್ಯ ಐದು ಪಟ್ಟಿಗೂ ಹೆಚ್ಚು. ನಕ್ಷತ್ರಪುಂಜಗಳ ಚಲನೆಯಿಂದ ಅದರ ಇರವು ತಿಳಿದಿದೆ. ಅದರ ಕಣ ಮಾತ್ರ ಇನ್ನೂ ಸಿಕ್ಕಿಲ್ಲ. ಅಮೆರಿಕದ ದಕ್ಷಿಣ ಡಕೋಟದ ಹಳೆಯ ಚಿನ್ನದ ಗಣಿಯೊಂದರಲ್ಲಿ, ಸುಮಾರು ಒಂದೂವರೆ ಕಿಲೋಮೀಟರ್ ಆಳದಲ್ಲಿ, 10 ಟನ್ ದ್ರವ ಕ್ಸೆನಾನ್ ತುಂಬಿಸಿ ಅದಕ್ಕಾಗಿ ಕಾದಿದ್ದಾರೆ. ಕಣವೊಂದು ಕ್ಸೆನಾನ್ ಪರಮಾಣುವಿನ ಬೀಜಕ್ಕೆ ತಾಗಿದರೆ ಕ್ಷಣಮಾತ್ರ ಬೆಳಕು ಮಿನುಗೀತು. ಅದು ಕಾಣಬೇಕಾದರೆ ಉಳಿದ ಗದ್ದಲವೆಲ್ಲ ಅಡಗಬೇಕು. ವಿಶ್ವಕಿರಣಗಳನ್ನು ತಡೆಯಲು ಮೇಲೆ ಬಂಡೆ. ಬಂಡೆಯ ವಿಕಿರಣವನ್ನು ತಡೆಯಲು ಸುತ್ತಲೂ ನೀರು. ಉಪಕರಣದ ಲೋಹವನ್ನೂ ಪರೀಕ್ಷಿಸಿಯೇ ಬಳಸುತ್ತಾರೆ.

ಇಂಥ ಮೌನದ ಬೆಲೆಯನ್ನು ಕನ್ನಡನಾಡು ಬಹು ಹಿಂದೆಯೇ ಕಂಡಿತ್ತು. ಕೋಲಾರದ ಚಿನ್ನದ ಗಣಿಯ 2.3 ಕಿಲೋಮೀಟರ್ ಆಳದಲ್ಲಿ, ಮುಂಬಯಿಯ ಟಾಟಾ ಸಂಸ್ಥೆಯ ವಿಜ್ಞಾನಿಗಳು ಜಪಾನ್ ಮತ್ತು ಇಂಗ್ಲೆಂಡಿನವರೊಡಗೂಡಿ, ವಾಯುಮಂಡಲದಲ್ಲಿ ಜನಿಸಿದ ನ್ಯೂಟ್ರಿನೋಗಳ ಸುಳಿವನ್ನು 1965ರಲ್ಲಿ ಹಿಡಿದರು. 2001ರಲ್ಲಿ ಆ ಗಣಿ ಮುಚ್ಚಿತು. ಕಪ್ಪು ದ್ರವ್ಯದ ಶೋಧಕ್ಕೆಂದು ಜಾರ್ಖಂಡಿನ ಜಾದೂಗುಡದ ಯುರೇನಿಯಂ ಗಣಿಯಲ್ಲಿ 2017ರಲ್ಲಿ ತೆರೆದ ಪ್ರಯೋಗಾಲಯದ ಆಳ 555 ಮೀಟರ್. ಕೋಲಾರದ ಆಳದ ಕಾಲುಭಾಗಕ್ಕೂ ತುಸು ಕಡಮೆ. ಚಿನ್ನ ತೆಗೆಯುವುದು ನಷ್ಟವೆಂದು ಮುಚ್ಚಿದ ಗಣಿಯೊಡನೆ ಆ ಆಳವೂ ಕೈಬಿಟ್ಟುಹೋಯಿತು.