ಬಾಡಿಗೆದಾರರ ಸಮೇತ ಆಶ್ರಯ ಮನೆ ಮಾರಾಟಕ್ಕೆ: ಅರ್ಧ ಬೆಲೆಗೆ ಸಿಗೋದು ಮನೆನಾ, ಬರೀ ಕಾಗದನಾ?

ದಾವಣಗೆರೆ: ಆಶ್ರಯ ಬಡಾವಣೆಯಲ್ಲಿ ಒಂದು ಮನೆ. ಒಳಗೆ ಬಾಡಿಗೆದಾರರಿದ್ದಾರೆ, ತಿಂಗಳು ತಿಂಗಳು ಬಾಡಿಗೆ ಬರುತ್ತೆ. ಬೆಲೆ ಮಾತ್ರ ಪಕ್ಕದ ಖಾಸಗಿ ಬಡಾವಣೆಯ ಅರ್ಧ. ಬ್ರೋಕರ್ ಇಂಥದ್ದೊಂದು ವ್ಯವಹಾರ ತಂದರೆ, ನಾಲ್ಕು ಕಾಸು ಕೂಡಿಟ್ಟವರಿಗೆ ಆಸೆ ಆಗೋದು ಸಹಜ. ಆದರೆ ಇಷ್ಟು ಅಗ್ಗ ಯಾಕೆ ಅಂತ ಮೊದಲು ಕೇಳಬೇಕು.

ಷರತ್ತು ಏನು?

ಆಶ್ರಯ ಯೋಜನೆ ಶುರುವಾಗಿದ್ದು 1991–92ರಲ್ಲಿ. ಸ್ವಂತ ಸೂರಿಲ್ಲದ ಬಡವರು ವಾಸ ಮಾಡಲಿ ಅಂತ ಸರ್ಕಾರ ನಿವೇಶನ, ಮನೆ ಕೊಡುತ್ತೆ. ಅದಕ್ಕೇ ಹಕ್ಕುಪತ್ರದಲ್ಲಿ ನಿಗದಿತ ವರ್ಷಗಳವರೆಗೆ ಪರಭಾರೆ ಮಾಡುವಂತಿಲ್ಲ ಅನ್ನೋ ಷರತ್ತು ಹಾಕಿರ್ತಾರೆ. ಷರತ್ತು ಮುರಿದರೆ ಹಂಚಿಕೆ ರದ್ದಾಗಬಹುದು.

ಅವಧಿ ಮುಗಿಯದ ಮನೆಗೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರ ಆಗಲ್ಲ. ಆಗ ಶುರುವಾಗೋದೇ ಬಾಂಡ್ ಪೇಪರ್ ವ್ಯವಹಾರ. ಒಂದು ಕರಾರು, ಒಂದು ಜಿಪಿಎ, ನೋಟರಿ ಸೀಲು. ದುಡ್ಡು ಪೂರ್ತಿ ಕೈ ಬದಲಾಗುತ್ತೆ, ಹಕ್ಕು ಬದಲಾಗಲ್ಲ. ಜಿಪಿಎ ಮೂಲಕ ನಡೆಯೋ ಮಾರಾಟದಿಂದ ಮಾಲೀಕತ್ವ ಬರೋದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ.

ಒಳಗಿರೋರು ಯಾರು?

ಈ ಲೆಕ್ಕದಲ್ಲಿ ಎಲ್ಲರೂ ಮರೆಯೋದು ಬಾಡಿಗೆದಾರರನ್ನ. ಮಂಡಕ್ಕಿ ಭಟ್ಟಿಯಲ್ಲಿ ದುಡಿಯೋ ಒಂದು ಕುಟುಂಬ ಅಂಥ ಮನೆಯಲ್ಲಿದೆ ಅಂತ ಇಟ್ಕೊಳ್ಳಿ. ಬಾಡಿಗೆ 4 ಸಾವಿರ, ಅಡ್ವಾನ್ಸ್ 30 ಸಾವಿರ. ಕರಾರು ಬಾಯಿಮಾತಲ್ಲಿ. ಒಂದು ದಿನ ಹೊಸಬರೊಬ್ಬರು ಬಂದು, ಇನ್ನು ಬಾಡಿಗೆ ನಂಗೇ ಕೊಡಿ ಅಂತಾರೆ. ಅಡ್ವಾನ್ಸ್ ಕೇಳಿದರೆ, ಹಳೇ ಮಾಲೀಕರನ್ನ ಕೇಳಿ ಅಂತಾರೆ. ಹಳಬರು ಊರೇ ಬಿಟ್ಟಿರ್ತಾರೆ. ನಾಳೆ ಅಧಿಕಾರಿಗಳು ಪರಿಶೀಲನೆಗೆ ಬಂದು ಹಂಚಿಕೆ ರದ್ದು ಮಾಡಿದರೆ ಸಾಮಾನು ಸಮೇತ ಮೊದಲು ಬೀದಿಗೆ ಬರೋದು ಇದೇ ಕುಟುಂಬ.

ಯಾರಂಥವರಿಗೆ ಅಂತ ಸರ್ಕಾರ ಮನೆ ಕೊಟ್ಟಿತ್ತೋ, ಅಂಥವರೇ ಇಲ್ಲಿ ಬಾಡಿಗೆ ಕಟ್ಟಿಕೊಂಡು ಇದ್ದಾರೆ.

ಹಾಗಂತ ಮಾರಿದವರನ್ನೇ ಕಳ್ಳರು ಅನ್ನೋಕೂ ಆಗಲ್ಲ. ಬಡಾವಣೆ ಊರಾಚೆ, ಕೂಲಿ ಕೆಲಸ ಊರೊಳಗೆ. ಮಗಳ ಮದುವೆ, ಆಸ್ಪತ್ರೆ ಖರ್ಚು ಅಂತ ಬಂದಾಗ ಕೈಯಲ್ಲಿರೋ ಒಂದೇ ಆಸ್ತಿ ಆ ಮನೆ.

ಕಾನೂನುಬದ್ಧ ದಾರಿ

ಪರಭಾರೆ ನಿಷೇಧದ ಅವಧಿ ಮುಗಿದ ಮನೆಯನ್ನ ಕೊಳ್ಳಬಹುದು. ಆದರೆ ಮೂಲ ಹಕ್ಕುಪತ್ರ ಕಣ್ಣಾರೆ ನೋಡಬೇಕು. ಇ-ಖಾತೆ ಮತ್ತು ಇಸಿ ತೆಗೆಸಬೇಕು. ಫಲಾನುಭವಿ ತೀರಿಕೊಂಡಿದ್ದರೆ ವಾರಸುದಾರರೆಲ್ಲರ ಸಹಿ ಬೇಕು. ಕ್ರಯಪತ್ರ ನೋಂದಣಿ ಆಗಲೇಬೇಕು.

ಬಾಡಿಗೆದಾರರಿದ್ದರೆ ಇನ್ನೊಂದು ಹೊಣೆ ಇದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 109ನೇ ಕಲಂ ಪ್ರಕಾರ ಕೊಂಡವರು ಹಳೇ ಮಾಲೀಕರ ಜಾಗದಲ್ಲಿ ಬಂದು ನಿಲ್ಲುತ್ತಾರೆ. ಮಾಲೀಕರು ಬದಲಾದರು ಅಂತ ಬಾಡಿಗೆದಾರರ ಹಕ್ಕು ಹೋಗಲ್ಲ, ರಾತ್ರೋರಾತ್ರಿ ಬೀಗ ಹಾಕೋ ಹಾಗಿಲ್ಲ. ಅಡ್ವಾನ್ಸ್ ಎಷ್ಟಿದೆ, ಅದನ್ನ ವಾಪಸ್ ಕೊಡೋರು ಯಾರು ಅನ್ನೋದನ್ನ ಕ್ರಯಪತ್ರದಲ್ಲೇ ಬರೆಸಿ, ಬಾಡಿಗೆದಾರರಿಗೂ ಲಿಖಿತವಾಗಿ ತಿಳಿಸೋದು ಒಳ್ಳೇದು. ಬಾಡಿಗೆದಾರರೂ ಅಷ್ಟೇ, ಅಡ್ವಾನ್ಸ್‌ಗೆ ರಶೀದಿ ಇಲ್ಲದೆ ಒಂದು ರೂಪಾಯಿನೂ ಕೊಡಬಾರದು. ಫೋನ್‌ಪೇ, ಬ್ಯಾಂಕ್ ಮೂಲಕ ಕೊಟ್ಟರೆ ಅದೇ ಒಂದು ದಾಖಲೆ.

ಸರ್ಕಾರ ನೋಡಬೇಕಾದ್ದು

ಇಲ್ಲಿವರೆಗೆ ವಸತಿ ಸಹಾಯ ಅಂದರೆ ನಿವೇಶನ ಕೊಡೋದು, ಇಲ್ಲವೇ ಮನೆ ಕಟ್ಟೋಕೆ ದುಡ್ಡು ಕೊಡೋದು ಅಂತಲೇ ಹೆಚ್ಚಾಗಿ ನಡೆದುಬಂದಿದೆ. ಕೆಲಸ ಹುಡುಕಿ ಬಂದು ಬಾಡಿಗೆ ಮನೆಯಲ್ಲಿರೋ ಬಡವರು ಆ ಲೆಕ್ಕಕ್ಕೆ ಬರೋದೇ ಕಷ್ಟ. 2024ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0ರಲ್ಲಿ ಕೈಗೆಟಕುವ ಬಾಡಿಗೆ ಮನೆಗಳಿಗೂ ಜಾಗ ಇದೆ. ಪಾಲಿಕೆ, ಪುರಸಭೆಗಳು ಅದನ್ನ ಕೈಗೆತ್ತಿಕೊಂಡರೆ ಬಾಂಡ್ ಪೇಪರ್ ಮನೆಗಳ ಮೇಲಿನ ಒತ್ತಡ ಕಮ್ಮಿ ಆಗಬಹುದು.

ಅಲ್ಲಿವರೆಗೆ ಆಶ್ರಯ ಮನೆಗೆ ದುಡ್ಡು ಹಾಕೋರು ಬ್ರೋಕರ್ ಮಾತು ಕೇಳೋದಕ್ಕಿಂತ ಮೊದಲು ಹಕ್ಕುಪತ್ರದ ಷರತ್ತು ಓದಲಿ. ಆಮೇಲೆ ಬಾಗಿಲು ತಟ್ಟಿ ಒಳಗಿರೋರನ್ನ ಮಾತಾಡಿಸಲಿ. ಆ ಮನೆಯ ಅಸಲಿ ಕಥೆ ಅವರಿಗೇ ಹೆಚ್ಚು ಗೊತ್ತಿರುತ್ತೆ.